ಹೆಡ್ ಬಿಚ್ಚಿಸುವ ಮುಂಚೆ ಫ್ಯಾನ್ ತಿರುಗುತ್ತದೋ ಇಲ್ಲವೋ ನೋಡಿ

ಪ್ರಶ್ನೆ: ನಮ್ಮದು 2012ರ 1.2 ಲೀಟರ್ ಪೆಟ್ರೋಲ್ ಕಾರು, 94 ಸಾವಿರ ಕಿ.ಮೀ. ಓಡಿದೆ. ಬೆಟಗೇರಿಯಿಂದ ವಾರಕ್ಕೆ ಮೂರು ಸಲ ಹುಬ್ಬಳ್ಳಿಗೆ ಹೋಗಿಬರುತ್ತೇನೆ. ಹೈವೇಯಲ್ಲಿ ಏನೂ ತೊಂದರೆ ಇಲ್ಲ. ಹುಬ್ಬಳ್ಳಿ ಊರೊಳಗೆ ಬಂದು ಚನ್ನಮ್ಮ ಸರ್ಕಲ್ ಹತ್ತಿರ ಹತ್ತು ನಿಮಿಷ ಸಿಕ್ಕಿಹಾಕಿಕೊಂಡರೆ ಟೆಂಪರೇಚರ್ ಮುಳ್ಳು ಏರತೊಡಗುತ್ತದೆ. ವಾರಕ್ಕೆ ಅರ್ಧ ಲೀಟರ್ ನೀರು ಹಾಕಬೇಕಾಗಿದೆ. ಒಬ್ಬ ಮೇಸ್ತ್ರಿ "ಹೆಡ್ ಪ್ಯಾಕಿಂಗ್ ಹೋಗೇತ್ರಿ, 22 ಸಾವಿರ ಆಗ್ತೈತಿ" ಅಂದರು (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಸೋರದಂತೆ ಕೂರಿಸುವ ತೆಳು ಹಾಳೆಯೇ ಹೆಡ್ ಪ್ಯಾಕಿಂಗ್). ಇನ್ನೊಬ್ಬರು, ಎಂಜಿನ್ ಕಾಯುವವರೆಗೆ ರೇಡಿಯೇಟರಿಗೆ ನೀರು ಬಿಡದ ಥರ್ಮೋಸ್ಟ್ಯಾಟ್ ವಾಲ್ ತೆಗೆದುಹಾಕಿ ಕಳಿಸಿದರು. ಈಗ ಹೈವೇಯಲ್ಲಿ ಮುಳ್ಳು ಮೇಲೇಳುವುದೇ ಇಲ್ಲ, ಮೈಲೇಜ್ ಇಳಿದಿದೆ, ಊರೊಳಗೆ ಮಾತ್ರ ಮತ್ತೆ ಅದೇ ಪಾಡು. ಇವರಲ್ಲಿ ಯಾರನ್ನು ನಂಬಬೇಕು? ನಂಬಿಕಸ್ಥ ಮೇಸ್ತ್ರಿಯನ್ನು ಗುರುತಿಸುವುದು ಹೇಗೆ?

ಉತ್ತರ: 22 ಸಾವಿರವನ್ನು ಸದ್ಯಕ್ಕೆ ಜೇಬಿನಲ್ಲೇ ಇಟ್ಟುಕೊಳ್ಳಿ. ಓಡುವಾಗ ಸರಿ, ನಿಂತಾಗ ಬಿಸಿ ಎಂದರೆ ಮೊದಲು ಅನುಮಾನಿಸಬೇಕಾದದ್ದು ರೇಡಿಯೇಟರ್ ಹಿಂದಿನ ಫ್ಯಾನನ್ನು, ಹೆಡ್ಡನ್ನಲ್ಲ. ಅಣ್ಣಿಗೇರಿ ದಾಟಿ 80ರ ವೇಗದಲ್ಲಿ ಬರುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಆಗ ಫ್ಯಾನ್ ಸತ್ತಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಗಾಳಿ ಇಲ್ಲ, ಜೊತೆಗೆ ರೇಡಿಯೇಟರ್ ಮುಂದೆಯೇ ಇರುವ ಎಸಿ ಕಂಡೆನ್ಸರ್ ತನ್ನ ಬಿಸಿಯನ್ನೂ ಅದರ ಮೇಲೆ ಸುರಿಯುತ್ತಿರುತ್ತದೆ. ಎಲ್ಲ ಭಾರ ಫ್ಯಾನಿನ ಮೇಲೆ. ಕಾಯಿಲೆ ಇದಕ್ಕೆ ತಿರುಗುಮುರುಗಾಗಿದ್ದರೆ, ಅಂದರೆ ಊರೊಳಗೆ ಸರಿ, ಹೈವೇಯಲ್ಲಿ ಏರುಹಾದಿಯಲ್ಲಿ ಬಿಸಿ ಎಂದಿದ್ದರೆ, ನೀರಿನ ಹರಿವನ್ನು ಅನುಮಾನಿಸಬೇಕು: ಒಳಗೆ ಕಟ್ಟಿಕೊಂಡ ರೇಡಿಯೇಟರ್, ಸವೆದ ವಾಟರ್ ಪಂಪ್, ಅರ್ಧ ತೆರೆದು ಸಿಕ್ಕಿಕೊಂಡ ಥರ್ಮೋಸ್ಟ್ಯಾಟ್. ಎರಡೂ ಕಡೆ ಬಿಸಿಯಾಗಿ, ಎಲ್ಲೂ ಸೋರದೆ ನೀರು ಮಾಯವಾಗುತ್ತಿದ್ದರೆ ಆಗ ಹೆಡ್ ಪ್ಯಾಕಿಂಗ್ ಮಾತು.

ಫ್ಯಾನ್ ಪರೀಕ್ಷೆಯನ್ನು ಮನೆಯಂಗಳದಲ್ಲೇ ಮಾಡಬಹುದು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಎಸಿ ಹಾಕಿ. ಒಂದೇ ಫ್ಯಾನ್ ಇರುವ ಕಾರಾದರೆ ಕೆಲವೇ ಸೆಕೆಂಡುಗಳಲ್ಲಿ ಅದು ತಿರುಗಬೇಕು. ಆಮೇಲೆ ಎಸಿ ಆರಿಸಿ, ಮುಳ್ಳು ನಡುಮಟ್ಟಕ್ಕೆ ಬರುವವರೆಗೆ ನಿಂತಲ್ಲೇ ಓಡಲು ಬಿಡಿ. ಹೆಚ್ಚಿನ ಕಾರುಗಳಲ್ಲಿ 95ರಿಂದ 100 ಡಿಗ್ರಿ ಹೊತ್ತಿಗೆ ಫ್ಯಾನ್ ತಾನಾಗಿ ಶುರುವಾಗಿ, ಒಂದೆರಡು ನಿಮಿಷ ಓಡಿ, ನಿಲ್ಲಬೇಕು. ನಿಮ್ಮ ಕಾರಿನಲ್ಲಿ ಈಗ ವಾಲ್ ಇಲ್ಲದ್ದರಿಂದ ಇಷ್ಟು ಬಿಸಿಯಾಗಲು 20–25 ನಿಮಿಷ ಹಿಡಿದೀತು, ತಾಳ್ಮೆ ಇರಲಿ. ಮುಳ್ಳು ಮುಕ್ಕಾಲು ದಾಟಿದರೂ ಫ್ಯಾನ್ ಬರಲಿಲ್ಲ ಎಂದರೆ ಅಲ್ಲಿಗೇ ಎಂಜಿನ್ ಆರಿಸಿ, ಪರೀಕ್ಷೆ ಮುಗಿಯಿತು. ಬಾನೆಟ್ ತೆರೆದು ಬಗ್ಗುವಾಗ ಸೆರಗು, ದುಪಟ್ಟಾ, ಶಲ್ಯ ಹತ್ತಿರ ಬಾರದಂತೆ ನೋಡಿಕೊಳ್ಳಿ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಟ್ಟನೆ ಶುರುವಾಗುತ್ತದೆ.

ಎಸಿ ಹಾಕಿದಾಗ ತಿರುಗುತ್ತದೆ, ಬಿಸಿಗೆ ಮಾತ್ರ ತಿರುಗುವುದಿಲ್ಲ ಎಂದಾದರೆ ಮೋಟಾರು ಸರಿ ಇದೆ, ಟೆಂಪರೇಚರ್ ಸೆನ್ಸರ್ ಅಥವಾ ಅದರ ವೈರಿಂಗ್ ನೋಡಬೇಕು. ಒಳಗೆ ಗಾಳಿ ಸಿಕ್ಕಿದ್ದರೂ ಹೀಗಾಗುತ್ತದೆ: ಸೆನ್ಸರ್ ನೀರಿನಲ್ಲಿ ಮುಳುಗಿರದೆ ಗಾಳಿಗುಳ್ಳೆಯಲ್ಲಿ ಕೂತಿದ್ದರೆ ಅದಕ್ಕೆ ನಿಜವಾದ ಬಿಸಿ ತಿಳಿಯುವುದಿಲ್ಲ. ಎರಡಕ್ಕೂ ತಿರುಗದಿದ್ದರೆ ಫ್ಯೂಸು, ರಿಲೇ (ಫ್ಯಾನಿಗೆ ಕರೆಂಟ್ ಹಾಯಿಸುವ ಸ್ವಿಚ್ಚು), ಮೋಟಾರು ಈ ಕ್ರಮದಲ್ಲಿ ಹೋಗಬೇಕು. ಫ್ಯೂಸ್ ಬಾಕ್ಸ್‌ನಲ್ಲಿ ಹಾರ್ನಿನ ರಿಲೇಯೂ ಫ್ಯಾನಿನ ರಿಲೇಯೂ ಒಂದೇ ನಂಬರಿನವಾಗಿದ್ದರೆ ಅದಲುಬದಲು ಮಾಡಿ ನೋಡಿ, ಖರ್ಚಿಲ್ಲದ ಪರೀಕ್ಷೆ. ಅದೂ ಆಗದಿದ್ದರೆ ಎಲೆಕ್ಟ್ರಿಷಿಯನ್ ಮೋಟಾರಿಗೆ ಬ್ಯಾಟರಿಯಿಂದ ನೇರವಾಗಿ 12 ವೋಲ್ಟ್ ಕೊಟ್ಟು ನೋಡುತ್ತಾನೆ. ತಿರುಗಿದರೆ ದೋಷ ವೈರಿನಲ್ಲಿ, ತಿರುಗದಿದ್ದರೆ ಮೋಟಾರಿನಲ್ಲಿ. ಹತ್ತು ವರ್ಷ ದಾಟಿದ ಕಾರುಗಳಲ್ಲಿ ಮೋಟಾರಿನ ಕಾರ್ಬನ್ ಬ್ರಷ್ ಸವೆದು, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಮಾತ್ರ ಎದ್ದು ತಿರುಗುವ ಫ್ಯಾನುಗಳು ಬೇಕಾದಷ್ಟು. ಇವತ್ತು ಓಡುತ್ತದೆ, ನಾಳೆ ಇಲ್ಲ. "ಮೇಸ್ತ್ರಿ ಮುಂದ ಬಂದ್ರ ಸರಿ ಇರ್ತೈತಿ" ಎಂಬ ದೂರಿನ ಮೂಲ ಎಷ್ಟೋ ಸಲ ಇದೇ.

ಫ್ಯಾನ್ ತಿರುಗಿದರೆ ಸಾಲದು, ಸರಿಯಾದ ದಿಕ್ಕಿಗೆ ತಿರುಗಬೇಕು. ಒಂದು ಹಾಳೆ ಸುದ್ದಿಪತ್ರಿಕೆ ತೆಗೆದುಕೊಂಡು, ಫ್ಯಾನ್ ಓಡುತ್ತಿರುವಾಗ ಕಾರಿನ ಮುಂಭಾಗದಲ್ಲಿ ಗ್ರಿಲ್ಲಿನ ಮುಂದೆ ಹಿಡಿಯಿರಿ. ಹಾಳೆ ಒಳಗೆಳೆದು ಗ್ರಿಲ್ಲಿಗೆ ಅಂಟಿಕೊಂಡು ನಿಲ್ಲಬೇಕು. ಹೊರಗೆ ಹಾರಿದರೆ ಯಾರೋ ಮೋಟಾರ್ ಬದಲಿಸುವಾಗ ಎರಡು ವೈರು ತಿರುವುಮುರುವು ಜೋಡಿಸಿದ್ದಾರೆ. ಫ್ಯಾನ್ ಜೋರಾಗಿ ಸದ್ದು ಮಾಡುತ್ತಾ ಬಿಸಿಗಾಳಿಯನ್ನು ಮುಂದಕ್ಕೇ ತಳ್ಳುತ್ತಿದೆ. ಅಂಟಿಕೊಳ್ಳದೆ ಸುಮ್ಮನೆ ತೊನೆದಾಡಿದರೆ ಒಂದೋ ಮೋಟಾರು ನಿಧಾನ, ಇಲ್ಲವೇ ಗಾಳಿಯ ದಾರಿ ಕಟ್ಟಿದೆ.

ಈ ಎರಡನೆಯದು ನಮ್ಮ ಭಾಗದಲ್ಲಿ ಸಾಮಾನ್ಯ. ಗದಗ, ನವಲಗುಂದ, ಅಣ್ಣಿಗೇರಿ ಸುತ್ತಿನ ಎರಿ ಮಣ್ಣಿನ ಧೂಳು, ಅರಳೆಯ ಎಳೆ, ಸುಗ್ಗಿಯಲ್ಲಿ ರಸ್ತೆ ಮೇಲೆ ಹರವಿದ ಕಾಳಿನ ಹೊಟ್ಟು, ರಾತ್ರಿ ಹುಳು ಎಲ್ಲವೂ ಗ್ರಿಲ್ಲಿನೊಳಗೆ ಹೋಗುತ್ತವೆ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಬೆರಳು ತೂರುವಷ್ಟು ಸಂದು ಇರುತ್ತದೆ. ಇವೆಲ್ಲ ಕಂಬಳಿಯ ಹಾಗೆ ಕೂರುವುದು ಆ ಸಂದಿನಲ್ಲಿ. ಮುಂದಿನಿಂದ ನೋಡಿದರೆ ಕಂಡೆನ್ಸರ್ ಸ್ವಚ್ಛವಾಗಿಯೇ ಕಾಣುತ್ತದೆ. ವಾಷಿಂಗ್ ಸೆಂಟರಿನಲ್ಲಿ ಮುಂದಿನಿಂದ ಪ್ರೆಷರ್ ನೀರು ಹೊಡೆದರೆ ಕೊಳೆ ಇನ್ನಷ್ಟು ಒಳಗೆ ಹೋಗುತ್ತದೆ, ತೆಳು ಅಲ್ಯೂಮಿನಿಯಂ ರೆಕ್ಕೆಗಳೂ ಮಡಚಿಕೊಳ್ಳುತ್ತವೆ. ಫ್ಯಾನ್ ಮತ್ತು ಅದರ ಚೌಕಟ್ಟು ಬಿಚ್ಚಿ, ರೇಡಿಯೇಟರಿನ ಮೇಲಿನ ಬೋಲ್ಟು ಸಡಿಲಿಸಿ ಹಿಂದಕ್ಕೆ ವಾಲಿಸಿ, ಎಂಜಿನ್ ಕಡೆಯಿಂದ ಹೊರಕ್ಕೆ ಸಾದಾ ನಳದ ನೀರು ಬಿಡಬೇಕು. ಒಂದು ತಾಸಿನ ಕೆಲಸ. ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಮಾಡಿಸಿದರೆ ಎಸಿಯೂ ಹೆಚ್ಚು ತಂಪು ಕೊಡುತ್ತದೆ.

ಇನ್ನು ವಾರಕ್ಕೆ ಅರ್ಧ ಲೀಟರ್ ನೀರು ಎಲ್ಲಿಗೆ ಹೋಗುತ್ತದೆ? ಕಾರು ಬಿಸಿಯಾಗಲು ನೀರು ಕಡಿಮೆಯಾದದ್ದೇ ಕಾರಣ ಎಂದು ನೀವು ತಿಳಿದಿರಬಹುದು. ಬಿಸಿಯಾಗಿ ಕುದಿದು ಹೊರಬಿದ್ದದ್ದರಿಂದಲೇ ಕಡಿಮೆಯಾಗುತ್ತಿರಲೂಬಹುದು. ಇಲ್ಲಿ ರೇಡಿಯೇಟರ್ ಮುಚ್ಚಳದ ಪಾತ್ರ ದೊಡ್ಡದು. ಅದರ ಮೇಲೆ 0.9 ಅಥವಾ 1.1 ಎಂದು ಬರೆದಿರುತ್ತದೆ. ಅಷ್ಟು ಬಾರ್ ಒತ್ತಡವನ್ನು ಅದು ಒಳಗೆ ಹಿಡಿದಿಡುತ್ತದೆ. 0.9 ಬಾರ್ ಒತ್ತಡದಲ್ಲಿ ಬರೀ ನೀರೂ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ, ಕೂಲಂಟ್ ಬೆರೆತಿದ್ದರೆ ಇನ್ನೂ ಮೇಲೆ. ಮುಚ್ಚಳದ ರಬ್ಬರ್ ಒಣಗಿ ಒತ್ತಡ ನಿಲ್ಲದೆ ಹೋದರೆ ಲೆಕ್ಕ ತಪ್ಪುತ್ತದೆ. ಹುಬ್ಬಳ್ಳಿ ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಎತ್ತರದಲ್ಲಿದೆ, ತೆರೆದ ಪಾತ್ರೆಯ ನೀರು ಇಲ್ಲಿ 98 ಡಿಗ್ರಿಗೇ ಕುದಿಯುತ್ತದೆ. ಫ್ಯಾನ್ ಶುರುವಾಗುವುದೂ ಸರಿಸುಮಾರು ಅದೇ ಬಿಸಿಗೆ. ಅಂದರೆ ಫ್ಯಾನ್ ಏಳುವ ಹೊತ್ತಿಗೆ ನೀರು ಕುದಿದು ಪಕ್ಕದ ಕೂಲಂಟ್ ಬಾಟಲಿಗೆ ಉಕ್ಕಿ, ಅಲ್ಲಿಂದ ರಸ್ತೆಗೆ. ಕೆಲವು ನೂರು ರೂಪಾಯಿಯ ಮುಚ್ಚಳ ಸಾವಿರಾರು ರೂಪಾಯಿಯ ಹೆಡ್ ಕೆಲಸಕ್ಕೆ ದಾರಿ ಮಾಡುವುದು ಹೀಗೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ತೆರೆದು ರೇಡಿಯೇಟರ್ ಬಾಯಿ ನೋಡಿ. ಬಾಟಲಿ ತುಂಬಿದ್ದೂ ಬಾಯಲ್ಲಿ ನೀರು ಕೆಳಗಿದ್ದರೆ, ತಣಿದಾಗ ನೀರನ್ನು ವಾಪಸ್ ಎಳೆದುಕೊಳ್ಳಬೇಕಾದ ಮುಚ್ಚಳದ ಒಳ ವಾಲ್ ಅಥವಾ ಬಾಟಲಿಗೆ ಹೋಗುವ ಸಣ್ಣ ಪೈಪು ಕೆಟ್ಟಿದೆ. ಹೊಸ ಮುಚ್ಚಳ ಕೊಳ್ಳುವಾಗ ಅದೇ ನಂಬರಿನದನ್ನೇ ಕೊಳ್ಳಿ; 0.9ರ ಜಾಗದಲ್ಲಿ 1.3 ಹಾಕಿದರೆ ಹಳೆಯ ಪೈಪು ಒಡೆಯಬಹುದು.

ಮುಚ್ಚಳವೂ ಸರಿ ಇದ್ದರೆ ಪ್ರೆಷರ್ ಟೆಸ್ಟ್. ರೇಡಿಯೇಟರ್ ಬಾಯಿಗೆ ಸೈಕಲ್ ಪಂಪಿನಂಥ, ಒತ್ತಡ ತೋರಿಸುವ ಗಡಿಯಾರ ಇರುವ ಉಪಕರಣ ಕೂಡಿಸಿ ಮುಚ್ಚಳದ ನಂಬರಿನಷ್ಟು ಒತ್ತಡ ಕೊಟ್ಟು 15 ನಿಮಿಷ ಬಿಡುವುದು. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ. ಪೈಪುಗಳ ಕ್ಲಿಪ್ಪಿನ ಹತ್ತಿರ ಒಣಗಿದ ಬಿಳಿ ಅಥವಾ ಹಸಿರು ಕಲೆ, ವಾಟರ್ ಪಂಪಿನ ಹೊಟ್ಟೆಯಲ್ಲಿರುವ ಸಣ್ಣ ರಂಧ್ರದ ಕೆಳಗೆ ಒದ್ದೆ, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಂಗೆ ಕೂಡುವ ಅಂಚು, ಮುಂದಿನ ಎಡ ಸೀಟಿನ ಕಾಲಡಿಯ ಕಾರ್ಪೆಟ್ ಇಷ್ಟನ್ನು ಟಾರ್ಚ್ ಬೆಳಕಿನಲ್ಲಿ ನೋಡಿಸಿ. ಕಾರ್ಪೆಟ್ ಒದ್ದೆಯಾಗಿ ಒಳಗೆ ಸಿಹಿ ವಾಸನೆ ಬರುತ್ತಿದ್ದರೆ ಹೀಟರಿನ ಸಣ್ಣ ರೇಡಿಯೇಟರ್ ಸೋರುತ್ತಿದೆ. ಹೊರಗೆಲ್ಲೂ ಹನಿ ಇಲ್ಲದೆ ಒತ್ತಡ ಮಾತ್ರ ಇಳಿಯುತ್ತಿದ್ದರೆ ಆಗ ಮೊದಲ ಮೇಸ್ತ್ರಿಯ ಮಾತಿಗೆ ಬಲ ಬರುತ್ತದೆ.

ಆಗಲೂ ಹೆಡ್ ಬಿಚ್ಚದೆ ಖಾತ್ರಿ ಮಾಡಿಕೊಳ್ಳುವ ದಾರಿಗಳಿವೆ. ತಣ್ಣನೆ ಎಂಜಿನ್, ಮುಚ್ಚಳ ತೆರೆದು ಸ್ಟಾರ್ಟ್ ಮಾಡಿದಾಗ ರೇಡಿಯೇಟರ್ ಬಾಯಲ್ಲಿ ಸೋಡಾದ ಹಾಗೆ ಎಡೆಬಿಡದೆ ಗುಳ್ಳೆ. ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ, ಇನ್ನೂ ಬಿಸಿಯಾಗದೆ, ಮೇಲಿನ ಪೈಪು ಕಲ್ಲಿನಂತೆ ಗಟ್ಟಿ. ಸೈಲೆನ್ಸರಿನಿಂದ ಎಂಜಿನ್ ಕಾದ ಮೇಲೂ ನಿಲ್ಲದ ಬಿಳಿ ಹೊಗೆ. ಇವು ಕಂಡರೆ ನೀಲಿ ದ್ರಾವಣದ ಪರೀಕ್ಷೆ ಮಾಡಿಸಿ: ರೇಡಿಯೇಟರ್ ಬಾಯಿಯ ಆವಿಯನ್ನು ಆ ದ್ರಾವಣದ ಮೂಲಕ ಎಳೆದಾಗ ಅದು ಹಳದಿಗೆ ತಿರುಗಿದರೆ ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದೆ ಎಂದರ್ಥ. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟಿನಲ್ಲಿ ಅಕ್ಕಪಕ್ಕದ ಎರಡು ಸಿಲಿಂಡರು ಒಟ್ಟಿಗೆ ಕಡಿಮೆ ತೋರಿಸಿದರೆ ಅವುಗಳ ನಡುವೆ ಪ್ಯಾಕಿಂಗ್ ಸುಟ್ಟಿದೆ. ಒಂದು ಲಕ್ಷಣಕ್ಕೆ ಮಾತ್ರ ಮೋಸ ಹೋಗಬೇಡಿ. ಆಯಿಲ್ ಮುಚ್ಚಳದ ಕೆಳಗೆ ಮಜ್ಜಿಗೆಯಂಥ ಕೆನೆ ಕಂಡ ಕೂಡಲೇ "ನೀರ ಕೂಡೇತಿ" ಎನ್ನುವವರಿದ್ದಾರೆ. ಮಳೆಗಾಲದಲ್ಲಿ ದಿನಾ ನಾಲ್ಕೈದು ಕಿ.ಮೀ. ಮಾತ್ರ ಓಡುವ, ಅಥವಾ ನಿಮ್ಮದರ ಹಾಗೆ ವಾಲ್ ಇಲ್ಲದೆ ತಣ್ಣಗೇ ಓಡುವ ಎಂಜಿನ್ನಿನಲ್ಲಿ ಬರೀ ಗಾಳಿಯ ತೇವದಿಂದಲೂ ಆ ಕೆನೆ ಕಟ್ಟುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ. ಅಲ್ಲಿಯೂ ಆಯಿಲ್ ಬೆಳ್ಳಗಾಗಿ ಮಟ್ಟ ಏರಿದ್ದರೆ ನಂಬಿ.

ಎರಡನೇ ಮೇಸ್ತ್ರಿಯ ಕೆಲಸದ ಬಗ್ಗೆ. ಥರ್ಮೋಸ್ಟ್ಯಾಟ್ ತೆಗೆದುಹಾಕುವುದು ಲಾರಿಗಳ ಕಾಲದ ಹಳೆ ಅಭ್ಯಾಸ. ಆ ವಾಲ್ 82 ಅಥವಾ 88 ಡಿಗ್ರಿವರೆಗೆ ಮುಚ್ಚಿದ್ದು ಎಂಜಿನ್ ಬೇಗ ಕಾಯಲು ಬಿಡುತ್ತದೆ, ಆಮೇಲೆ ತೆರೆಯುತ್ತದೆ. ಅದಿಲ್ಲದೆ ಹೈವೇಯಲ್ಲಿ ಎಂಜಿನ್ ಯಾವಾಗಲೂ ಅರೆಬಿಸಿ. ಕಾರಿನ ಕಂಪ್ಯೂಟರು ಎಂಜಿನ್ ಇನ್ನೂ ಕಾದಿಲ್ಲ ಎಂದುಕೊಂಡು ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ನಿಮ್ಮ ಮೈಲೇಜ್ ಹೋದದ್ದು ಅಲ್ಲಿಗೆ. ಸಾಲದ್ದಕ್ಕೆ ಕೆಲವು ಎಂಜಿನ್ನುಗಳಲ್ಲಿ ಇದೇ ವಾಲ್ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅಂಥ ಎಂಜಿನ್ನಿನಲ್ಲಿ ವಾಲ್ ತೆಗೆದರೆ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಒಳಗೊಳಗೇ ಸುತ್ತುತ್ತದೆ. ಹೊಸದು ಹಾಕಿಸಿ. ಹಾಕುವ ಮುಂಚೆ ಅಡುಗೆಮನೆಯಲ್ಲೇ ಪರೀಕ್ಷಿಸಬಹುದು: ಪಾತ್ರೆಯ ನೀರಿನಲ್ಲಿ ದಾರದಿಂದ ತೂಗುಬಿಟ್ಟು, ತಳಕ್ಕೆ ತಾಗದಂತೆ, ಥರ್ಮಾಮೀಟರ್ ಜೊತೆ ಕಾಯಿಸಿ. ಮೇಲೆ ಅಚ್ಚಾದ ಡಿಗ್ರಿಯ ಹತ್ತಿರ ತೆರೆಯತೊಡಗಿ, ನೀರು ಕುದಿಯುವ ಹೊತ್ತಿಗೆ ಸ್ಪಷ್ಟವಾಗಿ ಬಾಯಿ ಬಿಟ್ಟಿರಬೇಕು. ಅದರ ಅಂಚಿನಲ್ಲಿ ಅಲುಗಾಡುವ ಸಣ್ಣ ಪಿನ್ ಇದ್ದರೆ, ಕೂಡಿಸುವಾಗ ಅದು ಮೇಲ್ಮುಖವಾಗಿರಲಿ. ಗಾಳಿ ಹೊರಹೋಗುವುದು ಅಲ್ಲಿಂದಲೇ.

ನೀವು ಹಾಕುತ್ತಿರುವ ನೀರು ಯಾವುದು ಎಂದು ಬರೆದಿಲ್ಲ. ಬೋರ್‌ವೆಲ್ಲಿನದಾದರೆ ನಿಲ್ಲಿಸಿ. ಗದಗ ಸೀಮೆಯ ಬೋರಿನ ನೀರು ಗಡುಸು. ಚಹಾ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಹರಳು ರೇಡಿಯೇಟರಿನ ಸಪೂರ ನಳಿಗೆಗಳಲ್ಲೂ ಕಟ್ಟುತ್ತದೆ. ಎಂಜಿನ್ ಕಾದಾಗ ರೇಡಿಯೇಟರ್ ಮೈಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಾಯಿಸಿದರೆ ಕಟ್ಟಿದ ಭಾಗ ತಣ್ಣಗೆ ತೋರುತ್ತದೆ. ಹಳೆಯ ಹಿತ್ತಾಳೆ ರೇಡಿಯೇಟರನ್ನು ಬಿಚ್ಚಿ ಸರಳು ಹಾಕಿ ಸ್ವಚ್ಛ ಮಾಡಬಹುದಿತ್ತು. ಈಗಿನ ಅಲ್ಯೂಮಿನಿಯಂ–ಪ್ಲಾಸ್ಟಿಕ್ ರೇಡಿಯೇಟರಿಗೆ ಅದು ಆಗದು, ಆ್ಯಸಿಡ್ ಅಂತೂ ಹಾಕಲೇಬಾರದು. ಕಟ್ಟಿದ್ದರೆ ಬದಲಿಸುವುದೇ ಸರಿ. ಸೋರಿಕೆಗೆ ಅರಿಷಿಣ ಪುಡಿ ಹಾಕುವ ಡ್ರೈವರ್ ವಿದ್ಯೆ ಕುಂದಗೋಳದಿಂದ ಹುಬ್ಬಳ್ಳಿ ಮುಟ್ಟಲು ಸಾಕಾದೀತು. ಆಮೇಲೆ ಆ ಪುಡಿ ಹೀಟರಿನ ನಳಿಗೆಯಲ್ಲೇ ಉಳಿಯುತ್ತದೆ.

ಇಂಥ ಕಾರಿಗೆ ಒಟ್ಟು 4–5 ಲೀಟರ್ ಹಿಡಿಯುತ್ತದೆ. ಕಾನ್ಸಂಟ್ರೇಟ್ ಆದರೆ ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಡಬ್ಬಿಯ ಮೇಲೆ ಪ್ರಿಮಿಕ್ಸ್ ಎಂದಿದ್ದರೆ ಮತ್ತೆ ನೀರು ಬೆರೆಸಬೇಡಿ. ಬಣ್ಣ ನೋಡಿ ಕೊಳ್ಳಬೇಡಿ, ಹಸಿರು–ಕೆಂಪಿಗೆ ಎಲ್ಲ ಕಂಪನಿಗೂ ಒಂದೇ ಅರ್ಥವಿಲ್ಲ. ಕಾರಿನ ಪುಸ್ತಕದಲ್ಲಿ ಹೇಳಿದ ಬಗೆಯನ್ನೇ ಕೇಳಿ. ತುಂಬಿದ ಮೇಲೆ ಮುಚ್ಚಳ ತೆರೆದಿಟ್ಟು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಗುಳ್ಳೆ ನಿಲ್ಲುವವರೆಗೆ ನಿಂತಲ್ಲೇ ಓಡಿಸಿ, ಕಡಿಮೆಯಾದಷ್ಟು ತುಂಬಿ ಮುಚ್ಚಬೇಕು. ಫ್ಯಾನ್ ಎರಡು ಸಲ ಬಂದು ನಿಂತ ಮೇಲಷ್ಟೇ ಕೆಲಸ ಮುಗಿಯಿತೆಂದು ಲೆಕ್ಕ. ಹತ್ತು ನಿಮಿಷದಲ್ಲಿ ಕೂಲಂಟ್ ಬದಲಿಸಿ ಕೊಟ್ಟವರು ಗಾಳಿಯನ್ನು ಒಳಗೇ ಬಿಟ್ಟಿದ್ದಾರೆ. ಇಳಿಸಿದ ಹಳೆ ಕೂಲಂಟನ್ನು ಅಂಗಳದಲ್ಲಿ ಚೆಲ್ಲಿ ಬಿಡಬೇಡಿ. ಸಿಹಿಯಾಗಿರುತ್ತದೆ, ನಾಯಿ–ದನ ನೆಕ್ಕಿದರೆ ಸಾಯಬಹುದು.

ಈಗ ನಿಮ್ಮ ಕೊನೆಯ ಪ್ರಶ್ನೆ. ಮೇಲಿನ ಸರಣಿಯೇ ನಿಮಗೆ ಅಳತೆಗೋಲು. ಮೊದಲ ಮೇಸ್ತ್ರಿ ಹೆಡ್ ಎಂದದ್ದು ತಪ್ಪೇ ಆಗಬೇಕೆಂದಿಲ್ಲ, ಆದರೆ ಅದಕ್ಕೆ ಆಧಾರ ಕೊಡಲಿಲ್ಲ. ನಂಬಿಕಸ್ಥರು ಬಾನೆಟ್ ತೆರೆಯುವ ಮುಂಚೆ ಕೇಳುತ್ತಾರೆ: "ಎಲ್ಲಿ ಬಿಸಿ ಆಗ್ತೈತ್ರಿ? ಎಸಿ ಹಾಕಿದಾಗೇನು, ಹಾಕದಿದ್ರೂನ? ಮೊದಲ ಯಾರ ಏನ ಬಿಚ್ಚ್ಯಾರ?" ಪರೀಕ್ಷೆಗೆ ಬೇರೆ ಮಜೂರಿ ಹೇಳುತ್ತಾರೆ. ಅದನ್ನು ಚೌಕಾಸಿ ಮಾಡಬೇಡಿ; ಪರೀಕ್ಷೆಗೆ ದುಡ್ಡು ಸಿಗದ ಗ್ಯಾರೇಜು ಸಾಮಾನು ಮಾರಿಯೇ ಅದನ್ನು ಹುಟ್ಟಿಸಿಕೊಳ್ಳಬೇಕಾಗುತ್ತದೆ. ವೈರಿಂಗಿನ ಕೆಲಸ ಬಂದಾಗ "ಇದು ನಂದಲ್ಲ, ಎಲೆಕ್ಟ್ರಿಷಿಯನ್ ಕಡೆ ಒಯ್ರಿ" ಎನ್ನುವವರು ಸಿಕ್ಕರೆ ಬಿಡಬೇಡಿ. ಹುಬ್ಬಳ್ಳಿ ಗೋಕುಲ ರಸ್ತೆಯ ಶೋರೂಮಿಗೇ ಹೋಗಬೇಕೆಂದಿಲ್ಲ. 12–13 ವರ್ಷದ ಕಾರಿಗೆ ಅಲ್ಲಿ ದುರಸ್ತಿಗಿಂತ ಇಡೀ ಭಾಗ ಬದಲಿಸುವ ಮಾತೇ ಹೆಚ್ಚು. ಆದರೆ ಸೆನ್ಸರ್ ದೋಷಕ್ಕೆ ಕಂಪನಿಯ ಸ್ಕ್ಯಾನರ್ ಬೇಕೆನಿಸಿದರೆ ಅಷ್ಟಕ್ಕೆ ಹೋಗಬಹುದು.

ಹಳೆಯ ಸಾಮಾನು ವಾಪಸ್ ಕೇಳುವುದಕ್ಕೂ ಒಂದು ರೀತಿ ಇದೆ. ಕಾರು ತೆಗೆದುಕೊಳ್ಳಲು ಹೋದಾಗ ಕೇಳಿದರೆ ಅನುಮಾನಪಟ್ಟ ಹಾಗೆ ಕಾಣುತ್ತದೆ, ಅಷ್ಟೊತ್ತಿಗೆ ಅದು ಗುಜರಿಗೂ ಹೋಗಿರುತ್ತದೆ. ಬಿಡುವಾಗಲೇ "ತಗದಿದ್ದನ್ನೆಲ್ಲಾ ಡಿಕ್ಕಿಯೊಳಗ ಇಡ್ರಿ" ಎಂದು ಹೇಳಿಬಿಡಿ. ಹೊಸ ಸಾಮಾನಿನ ಡಬ್ಬಿಯ ಮೇಲಿನ ಪಾರ್ಟ್ ನಂಬರು, ಎಂಆರ್‌ಪಿ ಬಿಲ್ಲಿನ ಜೊತೆ ತಾಳೆಯಾಗಬೇಕು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಇನ್ನೂ ಶೇ. 28 ಕಂಡರೆ ಕೇಳಿ. ಮತ್ತೆ, ಮಹಾನವಮಿಯ ಹಿಂದಿನ ವಾರ ಇಂಥ ಪತ್ತೆ ಕೆಲಸಕ್ಕೆ ಕಾರು ಬಿಡಬೇಡಿ. ಆಯುಧ ಪೂಜೆಗೆ ಗಾಡಿ ಕೊಡಬೇಕಾದವರ ಸಾಲಿನಲ್ಲಿ ನಿಮ್ಮ ಫ್ಯಾನ್ ರಿಲೇಗೆ ಯಾರೂ ಅರ್ಧ ದಿನ ಕೊಡಲಾರರು.

ಪರೀಕ್ಷೆಗಳೆಲ್ಲ ಹೆಡ್ ಕಡೆಗೇ ಬೆರಳು ಮಾಡಿದರೆ ಅಂದಾಜು ಪಟ್ಟಿಯಲ್ಲಿ ಇವು ಇವೆಯೋ ನೋಡಿ: ಕಂಪನಿ ಪ್ಯಾಕಿಂಗ್, ಲೇಥಿನಲ್ಲಿ ಹೆಡ್ ಸಮತಟ್ಟು ಪರೀಕ್ಷೆ, ಹೆಡ್ ಬೋಲ್ಟು, ಆಯಿಲ್ ಮತ್ತು ಫಿಲ್ಟರ್, ಹೊಸ ಕೂಲಂಟ್, ಥರ್ಮೋಸ್ಟ್ಯಾಟ್, ಮುಚ್ಚಳ. ಹೆಡ್ಡಿನ ಮೇಲೆ ನೇರ ಪಟ್ಟಿ ಇಟ್ಟು ಕೆಳಗೆ ಸಂದು ಅಳೆಯುವ ಫೀಲರ್ ಗೇಜ್ ತೂರಿಸಿದಾಗ ಸಾಮಾನ್ಯವಾಗಿ 0.05 ಮಿ.ಮೀ.ಗಿಂತ ಹೆಚ್ಚು ಸಂದು ಕಂಡರಷ್ಟೇ ಫೇಸಿಂಗ್ (ಉಜ್ಜಿ ಸಮತಟ್ಟು ಮಾಡುವುದು) ಬೇಕು. ನೋಡದೆಯೇ ಉಜ್ಜಿಸಿದರೆ ಹೆಡ್ಡಿನ ಆಯುಷ್ಯ ವ್ಯರ್ಥ. ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ, ನಡುವಿನಿಂದ ಹೊರಕ್ಕೆ, ಹಂತಹಂತವಾಗಿ ಬಿಗಿಯಬೇಕು. ಆ ರೆಂಚು ಗ್ಯಾರೇಜಿನಲ್ಲಿ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಈ ಕೆಲಸ ಅಲ್ಲಿ ಕೊಡಬೇಡಿ. ಹೆಡ್ ಯಾಕೆ ಹೋಯಿತು ಎಂಬುದಕ್ಕೂ ಉತ್ತರ ಸಿಗಬೇಕು, ಇಲ್ಲವಾದರೆ ಕೆಟ್ಟ ಫ್ಯಾನ್ ಹೊಸ ಪ್ಯಾಕಿಂಗನ್ನೂ ತಿನ್ನುತ್ತದೆ.

ಇಷ್ಟರಲ್ಲಿ ಊರೊಳಗೆ ಮುಳ್ಳು ಏರಿದರೆ ಎಸಿ ಆರಿಸಿ, ಹೀಟರ್ ಮತ್ತು ಬ್ಲೋವರ್ ಪೂರ್ತಿ ಹಾಕಿ, ಪಕ್ಕಕ್ಕೆ ಸರಿಯಿರಿ. ಕೆಂಪು ಮುಟ್ಟಿದರೆ ಎಂಜಿನ್ ಆರಿಸಿ, ಮುಕ್ಕಾಲು ತಾಸಾದರೂ ಮುಚ್ಚಳ ಮುಟ್ಟಬೇಡಿ, ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ. ಕೆಲಸ ಮುಗಿದ ಮೇಲೆ ಕೂಲಂಟ್ ಬಾಟಲಿಯ ಮೇಲೆ ಮಾರ್ಕರಿನಿಂದ ಗೆರೆ ಎಳೆದು, ಏಳು ದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಮಟ್ಟ ನೋಡಿ ಬರೆದಿಡಿ. ಮೊದಲ ಎರಡು ದಿನ ಒಳಗಿನ ಗಾಳಿ ಹೋಗಿ ತುಸು ಇಳಿಯುವುದು ಸಹಜ. ಮೂರನೇ ದಿನದ ಮೇಲೂ ಗೆರೆಯಿಂದ ಕೆಳಗೆ ಹೋಗುತ್ತಿದ್ದರೆ ಮೇಲೆ ತುಂಬಿಸದೆ, ಬರೆದ ಚೀಟಿಯ ಜೊತೆ ಅದೇ ಗ್ಯಾರೇಜಿಗೆ ಮರಳಿ ಒಯ್ಯಿರಿ.